ರಸ್ತೆ ಖಾಲಿ ಇದೆ

"ರಸ್ತೆ ಮುಚ್ಚಿದೆ. ದಯವಿಟ್ಟು ಎಲ್ಲರೂ ಒಳಗೇ ಇರಿ. ಮುಂದಿನ ಸುದ್ದಿಗೆ ಇದೇ ಸ್ಟೇಷನ್ ಕೇಳ್ತಾ ಇರಿ."

ಲಾಡ್ಜಿನ ಅಡುಗೆಮನೆಯ ರೇಡಿಯೋದಲ್ಲಿ ಕಾರ್ಲಿ ಆಸ್ಲರ್ ಬೆಳಗಿನಿಂದ ಇದನ್ನೇ ಹೇಳುತ್ತಿದ್ದಳು. ಎಂದೋ ನಗುನಗುತ್ತ ರೆಕಾರ್ಡ್ ಮಾಡಿಟ್ಟ ದನಿ. ಟ್ಯಾನರ್ ಕಣಿವೆಯಲ್ಲಿ ಓಡಾಡುವವರಿಗೆ ಬಿಟ್ಟರೆ ಬೇರೆ ಯಾರಿಗೂ ಕೇಳದ ಪುಟ್ಟ ಸ್ಟೇಷನ್ ಅದು. ನಮಗೆಲ್ಲ ಒಳಗಿರಿ ಎನ್ನುತ್ತಿದ್ದವಳು ತಾನೆಲ್ಲಿದ್ದಾಳೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ದಿನ ಅವಳು ನಮ್ಮ ಶೆರಿಫ್ ಕಚೇರಿಗೆ ಫೋನ್ ಮಾಡಿ, "ಕಣಿವೆಯ ಬೋರ್ಡುಗಳು ಸುಳ್ಳು ಹೇಳ್ತಿವೆ. ಯಾರು ಹೇಳಿಸ್ತಿದಾರೆ ಅಂತ ತೋರಿಸ್ತೀನಿ, ಬನ್ನಿ" ಎಂದಿದ್ದಳು. ಪತ್ತೇದಾರಿ ಜನೀಲ್ ಟಿಂಗಿ ಎಂಬ ನಾನು ಬೆಳಿಗ್ಗೆ ಎದ್ದು ಬಿದ್ದು ಮೇಲೆ ಬಂದೆ. ಕಾರ್ಲಿ ಸಿಗಲಿಲ್ಲ, ಹಿಮ ಸಿಕ್ಕಿತು.

ಹಿಮ ಅಂದರೆ ಒಳಬಂದಿ. ಗುಡ್ಡದ ನೆತ್ತಿಯಲ್ಲಿ ಹಿಮ ಜೋತುಬಿದ್ದಾಗ ತೋಪು ಹಾರಿಸಿ ಅದನ್ನು ಕೆಳಕ್ಕೆ ಕೆಡವುತ್ತಾರೆ. ಅದು ಮುಗಿಯುವವರೆಗೆ ಲಾಡ್ಜಿನಿಂದ ಹೊರಗೆ ಕಾಲಿಟ್ಟವರಿಗೆ ಜೈಲು. ಕಿಟಕಿಗಳಿಗೆ ಹಲಗೆ, ಬಾಗಿಲುಗಳಿಗೆ ಅಗಳಿ. ಬೆಳಿಗ್ಗೆ ಒಂದು ಸುತ್ತು ಹಾರಿಸಿ ಆಗಿತ್ತು. ಮೂರು ಗಂಟೆಗೆ ಇನ್ನೊಂದು, ಅದಕ್ಕಿಂತ ದೊಡ್ಡದು. ಅಷ್ಟರವರೆಗೆ ಒಂದು ಹಾಲ್ ತುಂಬ ಜನ, ಒದ್ದೆ ಉಣ್ಣೆಯ ವಾಸನೆ, ಅಳುವ ಮಕ್ಕಳು. ನನಗೆ ಗೋಡೆಗಳು ಹತ್ತಿರ ಹತ್ತಿರ ಬರುತ್ತಿವೆ ಅನ್ನಿಸತೊಡಗಿತ್ತು.

"ಸಿಸ್ಟರ್ ಟಿಂಗಿ, ಬಿಸಿ ಚಾಕಲೇಟು ಕುಡೀತೀಯಾ?" ಲಾಡ್ಜಿನ ಒಡತಿ ನೆಡ್ರಾ ಹ್ಯಾಫನ್ ಹಿಟ್ಟು ನಾದುತ್ತ ಕೇಳಿದಳು.

"ಕಾಫಿ ಇದೆ, ಸಾಕು."

ನೆಡ್ರಾ ನನ್ನ ಲೋಟದ ಕಡೆ ಸತ್ತ ಇಲಿಯನ್ನು ನೋಡುವಂತೆ ನೋಡಿದಳು. ಚರ್ಚಿನ ಲೆಕ್ಕದಲ್ಲಿ ನಮ್ಮಲ್ಲಿ ಎಲ್ಲರೂ ಬ್ರದರ್, ಸಿಸ್ಟರ್; ಕಾಫಿ ನಿಷಿದ್ಧ. ಕಾಫಿ ಹಿಡಿದ ದಿನವೇ ನಾನು ಆ ಲೆಕ್ಕದಿಂದ ಹೊರಬಿದ್ದವಳು. ಆದರೂ ನೆಡ್ರಾ ಬಿಡುವುದಿಲ್ಲ.

ನಾನು ಲೋಟ ಹಿಡಿದು ನೆಲಮಾಳಿಗೆಗೆ ಇಳಿದೆ.

ಅಲ್ಲಿ ಡಾಲಿನ್ ರೌಂಡಿ ಪರದೆಗಳ ಮುಂದೆ ಕೂತಿದ್ದ. ಕಣಿವೆಯ ರಸ್ತೆಯ ಉಸ್ತುವಾರಿ ಅವನದು. ರಸ್ತೆ ಖಾಲಿ ಇದೆ ಎಂದು ಅವನು ಹೇಳಿದರೆ ಮಾತ್ರ ತೋಪಿನವರು ಕೈ ಹಾಕುತ್ತಾರೆ.

"ಕಾರ್ಲಿ ಕೆಳಗೆ ಹೋಗಿದಾಳೆ ಮೇಡಂ. ಎಷ್ಟು ಸಲ ಹೇಳ್ಲಿ?"

"ಅವರಮ್ಮ ಮತ್ತೆ ಫೋನ್ ಮಾಡಿದ್ರು. ಮನೆಗೆ ಬಂದಿಲ್ಲ."

"ಮನೆಗೆ ಹೋಗದೆ ಇರಬಹುದು. ಕಣಿವೆ ಬಿಟ್ಟಿರೋದಂತೂ ನಿಜ. ಯಾರ್ದೋ ಕಾರಲ್ಲಿ ಜಾಗ ಕೇಳ್ಕೊಂಡು ಹೋಗಿರ್ತಾಳೆ. ನೋಡಿ ಇಲ್ಲಿ."

ಕಣಿವೆಯ ಬಾಯಿಯಿಂದ ಲಾಡ್ಜಿನ ಅಂಗಳದ ಆಚೆಯವರೆಗೆ ಐದು ಕಂಬಗಳಿವೆ. ಪಕ್ಕದಲ್ಲಿ ಹಾದುಹೋಗುವ ಗಾಡಿಯನ್ನು, ಅದರೊಳಗಿನ ಫೋನುಗಳನ್ನು ಅವು ವೈರ್‌ಲೆಸ್ಸಿನಲ್ಲೇ ಗುರುತು ಹಿಡಿಯುತ್ತವೆ. ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಿ, ಇಳಿಯಲು ಇಷ್ಟು ನಿಮಿಷ, ಏರಲು ಇಷ್ಟು ನಿಮಿಷ ಎಂದು ರಸ್ತೆಬದಿಯ ಬೋರ್ಡುಗಳ ಮೇಲೆ ಬರೆಯುತ್ತವೆ. ಆ ಕಂಬಗಳನ್ನು ನೋಡಿಕೊಳ್ಳುವವಳೇ ಕಾರ್ಲಿ.

ಪರದೆಯ ಮೇಲೆ ಅವಳ ಫೋನು ಐದನೇ ಕಂಬದಿಂದ ಒಂದನೆಯದಕ್ಕೆ ಇಳಿದಿತ್ತು. ಆಮೇಲೆ ಸುದ್ದಿಯಿಲ್ಲ.

"ಇಳಿಯೋಕೆ ಎಷ್ಟು ಹೊತ್ತು ಹಿಡೀತು?"

"ನಲವತ್ತು ನಿಮಿಷ."

"ಅವಳಿಗಿಂತ ಸ್ವಲ್ಪ ಮುಂಚೆ ಹೋದೋರಿಗೆ?"

"ಹದಿನೈದು, ಹದಿನಾರು." ಅವನು ಕತ್ತು ಉಜ್ಜಿಕೊಂಡ. "ಹಿಮ ಅಲ್ವಾ. ಕೆಲವರು ಹೆದರ್ತಾರೆ."

"ಹೆದರಿದೋರು ಇಪ್ಪತ್ತೈದು ತಗೋತಾರೆ. ಖಾಲಿ ರಸ್ತೆಯಲ್ಲಿ ನಲವತ್ತು ತಗೊಳೋ ಗಾಡಿ ಈ ಕಣಿವೆಯಲ್ಲಿ ಯಾವ್ದಿದೆ ಡಾಲಿನ್?"

"ಲವಾರ್ ಅವರ ಟ್ರಕ್ಕು" ಎಂದ ಡಾಲಿನ್. "ರಸ್ತೆ ಮುಚ್ಚೋಕೆ ಮುಂಚೆ ಕೊನೇ ಸಲ ನೋಡ್ಕೊಂಡು ಬರೋರು ಅವರೇ. ಪ್ರತಿ ತಿರುವಲ್ಲೂ ನಿಲ್ಸಿ ಹಾರ್ನ್ ಹೊಡೀತಾರೆ. ಆದ್ರೆ ಅವರ ಟ್ರಕ್ಕು ಇಲ್ಲಿ ಕಾಣಲ್ಲ ಮೇಡಂ. ಆಮೆ ನಡಿಗೆ, ಬೋರ್ಡಿನ ಲೆಕ್ಕ ಕೆಡುತ್ತೆ. ಅವರ ಟ್ರಕ್ಕು, ಅವರ ಫೋನು ಎರಡನ್ನೂ ಬಿಟ್ಬಿಡಿ ಅಂತ ಕಂಬಗಳಿಗೆ ಹೇಳಿಟ್ಟಿದೀವಿ."

"ಹಾಗಿದ್ರೆ ಕಾರ್ಲಿ ಫೋನು ಲವಾರ್ ಟ್ರಕ್ಕಲ್ಲಿ ಇಳೀತು."

"ಫೋನ್ ಇದ್ದಲ್ಲಿ ಅವಳೂ ಇರ್ತಾಳಲ್ವಾ?"

"ನಾನು ಮನೇಲಿ ಫೋನ್ ಬಿಟ್ಟು ಬಂದ್ರೆ ನಾನು ಮನೇಲಿದೀನಿ ಅಂತೀಯಾ? ಅವಳು ಮೇಲೇ ಇದಾಳೆ. ಮೂರು ಗಂಟೆ ತೋಪು ನಿಲ್ಸು."

"ಯಾವ ಆಧಾರದ ಮೇಲೆ? ರಸ್ತೆ ಖಾಲಿ ಇದೆ." ಅವನು ಹಸಿರು ಅಕ್ಷರಗಳತ್ತ ಬೆರಳು ಮಾಡಿದ. ಪರದೆಯೂ ಅದನ್ನೇ ಹೇಳುತ್ತಿತ್ತು. "ಒಂದು ಸುತ್ತು ನಿಲ್ಸಿದ್ರೆ ಈ ಜನ ಎಲ್ಲಾ ನಾಳೆವರೆಗೂ ಇಲ್ಲೇ. ಏನಾದ್ರೂ ಕೈಗೆ ಸಿಗೋ ಅಂಥದ್ದು ತಗೊಂಡ್ಬನ್ನಿ, ನಿಲ್ಸ್ತೀನಿ. ಎರಡನೇ ಸೈರನ್ ಒಳಗೆ ಬನ್ನಿ ಅಷ್ಟೇ."

"ಎರಡನೇದಾದ್ಮೇಲೆ?"

"ತೋಪಿನವರು ಕಿವಿ ಮುಚ್ಕೋತಾರೆ. ನಾನು ಕೂಗಿದ್ರೂ ಅಷ್ಟೇ, ನನ್ನಪ್ಪ ಕೂಗಿದ್ರೂ ಅಷ್ಟೇ. ಅವರ ಮುಂದೆ ಒಂದು ಕೆಂಪು ದೀಪ ಇದೆ. ರಸ್ತೆ ಮೇಲೆ ಯಾರಾದ್ರೂ ಹಾದ್ರೆ ಕಂಬಗಳೇ ಅದನ್ನ ಹೊತ್ತಿಸ್ತವೆ. ಅದು ಹತ್ತಿದ್ರೆ ಮಾತ್ರ ನಿಲ್ಸ್ತಾರೆ. ಮೂರನೇ ಸೈರನ್ನಿಗೆ ಹಾರಿಸ್ತಾರೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ಡಾಲಿನ್ನನಿಗೆ ಪ್ರತ್ಯಕ್ಷವೂ ಪರದೆಯೇ, ಪ್ರಮಾಣವೂ ಪರದೆಯೇ. ಕೆಟ್ಟವನಲ್ಲ, ಆದರೆ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು.

ಲವಾರ್ ಜೆಪ್ಸನ್ ಹಿಂಬಾಗಿಲ ಪಕ್ಕದ ಬೂಟಿನ ಕೋಣೆಯಲ್ಲಿ ಕೈಗವಸು ಒಣಗಿಸುತ್ತ ಕೂತಿದ್ದರು. ಬರೀ ಕಾಲುಚೀಲದಲ್ಲಿದ್ದರು. ಒದ್ದೆ ಬೂಟುಗಳನ್ನು ಹೀಟರಿಗೆ ಒರಗಿಸಿದ್ದರು. ಎಪ್ಪತ್ತರ ಹತ್ತಿರದ ಜೀವ. ಈ ರಸ್ತೆಯಲ್ಲಿ ಒಬ್ಬರನ್ನೂ ಹಿಂದೆ ಬಿಟ್ಟು ಬಂದವರಲ್ಲ ಎಂದು ಕಣಿವೆಯೆಲ್ಲ ಹೇಳುತ್ತದೆ. ಪ್ರತಿ ಕ್ರಿಸ್‌ಮಸ್ಸಿಗೂ ವಿಧವೆ ನೆಡ್ರಾಳನ್ನು ಮದುವೆಯಾಗುತ್ತೀಯಾ ಎಂದು ಕೇಳುವುದು, ಅವಳು ಉತ್ತರದ ಬದಲು ಬಿಸಿ ಬನ್ನು ಕೊಡುವುದು, ಅದೂ ಕಣಿವೆಗೆಲ್ಲ ಗೊತ್ತು.

"ಬ್ರದರ್ ಜೆಪ್ಸನ್, ಬೆಳಿಗ್ಗೆ ಟ್ರಕ್ಕಲ್ಲಿ ನಿಮ್ಮ ಜೊತೆ ಯಾರಿದ್ರು?"

"ನಾನು, ದೇವರು."

"ಸಾಮಾನು?"

"ನೆಡ್ರಾ ಕೊಟ್ಟ ಆಲೂಗಡ್ಡೆ ಪಾತ್ರೆ. ಬ್ರದರ್ ಪೆಕ್ಟಲ್ ತೀರ್ಕೊಂಡ್ರಲ್ಲ, ಅವರ ಮನೆಗೆ. ಪಕ್ಕದ ಸೀಟಲ್ಲಿಟ್ಟಿದ್ದೆ. ಬಿಸಿ ಬಿಸಿ. ದಾರಿಯುದ್ದಕ್ಕೂ ಚೀಸಿನ ವಾಸನೆ, ಹೊಟ್ಟೆ ಚುರ್ ಅಂತಿತ್ತು ಮಗೂ. ಕೆಳಗೆ ಕಣಿವೆ ಬಾಯಿಯ ಗೇಟಲ್ಲಿ ಇಟ್ಟು ಬಂದೆ."

ನಮ್ಮಲ್ಲಿ ಯಾರಾದರೂ ಸತ್ತರೆ ಮಾತಿಗಿಂತ ಮುಂಚೆ ಆಲೂಗಡ್ಡೆ ಹೋಗುತ್ತದೆ. ಕೆನೆ, ಚೀಸು, ಮೇಲೆ ಪುಡಿ ಮಾಡಿದ ಕಾರ್ನ್‌ಫ್ಲೇಕ್ಸು. ಪಾತ್ರೆ ತಿರುಗಿ ಬರಲಿ ಎಂದು ತಳಕ್ಕೆ ಹೆಸರಿನ ಟೇಪು. ನನ್ನಪ್ಪ ಹೋದಾಗ ಹಿಮದಲ್ಲಿ ಅದನ್ನು ಹೊತ್ತು ತಂದವರು ಇದೇ ಲವಾರ್. ಇವರನ್ನು ಪ್ರಶ್ನೆ ಕೇಳುವುದೇ ನನಗೆ ಸಂಕಟವಾಗಿತ್ತು.

"ಈ ಥರ ಪಾತ್ರೆ ಆಗಾಗ ಒಯ್ತೀರಾ?"

"ಈ ಚಳಿಗಾಲ ಹೆಚ್ಚುಕಮ್ಮಿ ದಿನಾ. ಜನ ತುಂಬಾ ಸಾಯ್ತಿದಾರೆ." ಅವರು ಕೈಗವಸನ್ನು ತಿರುವಿದರು. "ಕಾರ್ಲಿ ವಿಷಯ ತಾನೇ? ಆ ಮಗೂನ ನಾನು ರಸ್ತೆ ಮೇಲೆ ಬಿಟ್ಟು ಬಂದೆ ಅಂತ ಅನ್ಕೊಂಡಿದೀಯಾ?"

ನಾನು ಇಲ್ಲ ಎಂದೆ. ಅಷ್ಟರಲ್ಲಿ ಗುಡ್ಡದ ಮೇಲಿಂದ ಮೊದಲನೇ ಸೈರನ್ ಕೇಳಿತು. ಹಾಲ್‌ನಲ್ಲಿ ಗದ್ದಲ ನಿಂತು, ಮಗುವೊಂದು ಮತ್ತೆ ಅಳತೊಡಗಿತು.

ಅಡುಗೆಮನೆಗೆ ಹೋಗಿ ನಾನು ಬಾಗಿಲು ಮುಂದೆ ಮಾಡಿದೆ. ನೆಡ್ರಾ ತಲೆ ಎತ್ತಲಿಲ್ಲ.

"ಸಿಸ್ಟರ್ ಹ್ಯಾಫನ್, ಈ ಚಳಿಗಾಲ ಕೆಳಗೆ ಯಾರ್ಯಾರು ತೀರ್ಕೊಂಡ್ರು?"

"ಬ್ರದರ್ ಪೆಕ್ಟಲ್."

"ಮತ್ತೆ?"

"ಮುದುಕರಿಗೇನು ಬರವೇ?"

"ಕೆಳಗೆ ಇರೋಳು ನಾನು. ಸಾವಿನ ಮನೆಗೆ ತಪ್ಪದೆ ಹೋಗ್ತೀನಿ, ಊಟಕ್ಕಾದ್ರೂ. ಈ ಚಳಿಗಾಲ ಹೋಗಿದ್ದು ಎರಡು ಮನೆಗೆ. ಲವಾರ್ ದಿನಾ ಒಯ್ದ ಆಲೂಗಡ್ಡೆ ತಿಂದೋರು ಯಾರು?"

ಹಿಟ್ಟಿನ ಮೇಲಿನ ಕೈ ಒಂದು ಗಳಿಗೆ ನಿಂತು ಮತ್ತೆ ನಾದತೊಡಗಿತು.

ಬಾಗಿಲ ಪಕ್ಕದ ಕಪಾಟಿನಲ್ಲಿ ಅತಿಥಿಗಳು ಮರೆತು ಹೋದ ವಸ್ತುಗಳ ಪೆಟ್ಟಿಗೆಯಿತ್ತು. ಬೆಳಗಿನಿಂದ ನೂರು ಸಲ ಅದನ್ನು ನೋಡಿದ್ದೆ. ಈಗ ಕೆಳಗಿಳಿಸಿ ಕೆದಕಿದೆ. ಒಂಟಿ ಕೈಗವಸು, ಕನ್ನಡಕ, ಮಫ್ಲರು, ಯಾರದೋ ಹಲ್ಲಿನ ಸೆಟ್ಟು.

"ಜನ ಹಲ್ಲು ಮರೀತಾರೆ, ಫೋನ್ ಮರೆಯಲ್ವಾ? ನಿಮ್ಮ ಪೆಟ್ಟಿಗೆಯಲ್ಲಿ ಒಂದೂ ಇಲ್ಲ."

"ಕೇಳಿದೋರಿಗೆ ಕಳಿಸಿಬಿಟ್ಟೆ."

"ಕಳಿಸಿದ್ದು ಹೌದು. ಲವಾರ್ ಟ್ರಕ್ಕಲ್ಲಿ, ಪಾತ್ರೆಯೊಳಗೆ. ಟ್ರಕ್ಕನ್ನ ಕಂಬಗಳು ಬಿಟ್ಬಿಡ್ತವೆ, ಫೋನುಗಳನ್ನ ಬಿಡಲ್ಲ. ಹತ್ತು ಫೋನು ಆಮೆ ಥರ ಇಳಿದ್ರೆ ಹತ್ತು ಕಾರು ತೆವಳ್ತಿವೆ ಅಂತ ಲೆಕ್ಕ. ನಿಮ್ಮ ಅಂಗಳದ ಬೋರ್ಡು ದಾರಿ ಕಟ್ಟಿದೆ ಅನ್ನುತ್ತೆ. ಮಕ್ಕಳನ್ನ ಕಟ್ಕೊಂಡು ಹೊರಟೋರು ನಿಟ್ಟುಸಿರು ಬಿಟ್ಟು ಇನ್ನೊಂದು ರಾತ್ರಿಗೆ ರೂಮು ತಗೋತಾರೆ. ಈ ವರ್ಷ ನಿಮ್ಮ ಲಾಡ್ಜಲ್ಲಿ ಒಂದು ಕೋಣೆನೂ ಖಾಲಿ ಇರ್ಲಿಲ್ಲ ಅಂತ ನೀವೇ ಬೆಳಿಗ್ಗೆ ಜಂಬ ಕೊಚ್ಚಿದ್ರಿ."

ನೆಡ್ರಾ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಒಮ್ಮೆಲೇ ಹತ್ತು ವರ್ಷ ಹೆಚ್ಚು ಮುದುಕಿಯಾದಂತೆ ಕಂಡಳು.

"ಹೋದ ವರ್ಷ ಅರ್ಧ ಲಾಡ್ಜು ಖಾಲಿ ಹೊಡೀತಿತ್ತು" ಎಂದಳು. "ಸ್ಕೀ ಕಂಪನಿಯೋರು ದಿನಾ ಬಂದು ಮಾರ್ತೀಯಾ ಮಾರ್ತೀಯಾ ಅಂತ ಪ್ರಾಣ ತಿಂತಿದ್ರು. ಇದು ನನ್ನ ಗಂಡ ಕೈಯಾರೆ ಕಟ್ಟಿದ್ದು ಜನೀಲ್. ಒಂದು ರಾತ್ರಿ ಹೆಚ್ಚು ಮಲಗಿದ್ರೆ ಯಾರಿಗೆ ನಷ್ಟ?"

"ಕಾರ್ಲಿ ಎಲ್ಲಿ?"

ರೇಡಿಯೋ ಮತ್ತೆ ಹೇಳಿತು: "ದಯವಿಟ್ಟು ಎಲ್ಲರೂ ಒಳಗೇ ಇರಿ."

"ನೆಡ್ರಾ. ಕಾರ್ಲಿ ಎಲ್ಲಿ?"

"ನಾಲ್ಕನೇ ಕಂಬದ ಹತ್ರ. ರೇಡಿಯೋ ಪೆಟ್ಟಿಗೆ ಇರೋ ಆ ಸಿಮೆಂಟು ಗೂಡಲ್ಲಿ." ಅವಳು ಪಿಸುಗುಟ್ಟಿದಳು. "ಬೆಳಿಗ್ಗೆ ಬನ್ನು ತಿಂದ್ಲು. ಫೋನ್ ಚಾರ್ಜಿಗೆ ಹಾಕಿ, ಇವತ್ತು ಪತ್ತೇದಾರಿಯವರು ಬರ್ತಾರೆ ಸಿಸ್ಟರ್, ಎಲ್ಲಾ ಹೇಳ್ಬಿಡ್ತೀನಿ ಅಂದು ಫೋನ್ ಇಲ್ಲೇ ಬಿಟ್ಟು ಗೂಡಿಗೆ ಹೋದ್ಲು. ನಾನೂ ಹಿಂದೇ ನಡ್ಕೊಂಡು ಹೋಗಿ ಹೊರಗಿಂದ ಬೀಗ ಹಾಕಿದೆ. ಅಷ್ಟೇ ನಾನು ಮಾಡಿದ್ದು. ಬೆಳಗಿನ ಸುತ್ತು ಆ ತಿರುವಿಗೆ ಬೀಳಲ್ಲ ಅಂತ ಗೊತ್ತಿತ್ತು. ನೀನು ಕಾದು ಕಾದು ವಾಪಸ್ ಹೋಗ್ತೀಯ, ಆಮೇಲೆ ಅವಳ ಕೈಕಾಲು ಹಿಡ್ಕೊಳೋಣ ಅಂತಿದ್ದೆ. ನೀನೂ ಇಲ್ಲೇ ಸಿಕ್ಕಿಹಾಕ್ಕೊಂಡೆ."

"ಮೂರು ಗಂಟೇದು ಎಲ್ಲಿ ಬೀಳುತ್ತೆ?"

ಅವಳು ಕಿಟಕಿಯ ಹಲಗೆಯ ಕಡೆ ಮುಖ ತಿರುಗಿಸಿದಳು.

"ಆ ತಿರುವಿನ ಮೇಲೇ ಅಲ್ವಾ? ಗೊತ್ತಿದ್ದೂ ಹಿಟ್ಟು ನಾದ್ತಾ ಕೂತಿದೀರಾ?"

"ಹೇಳೋಕೆ ಬಾಯೇ ಬರ್ಲಿಲ್ಲ" ಎಂದಳು ನೆಡ್ರಾ. ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು, ಅಯ್ಯೋ ಎಂದೂ ಅನ್ನಿಸಿತು. ಕೆಟ್ಟ ಕೆಲಸವನ್ನು ಅರ್ಧ ಮಾಡಿ ಕೈಕಟ್ಟಿ ಕೂತವಳು ಇವಳು. ಉಳಿದರ್ಧ ತಾನೇ ಆಗಿಹೋಗಲಿ ಎಂದು ಕಾಯುತ್ತಿದ್ದಳು.

"ಲವಾರ್‌ಗೆ ಗೊತ್ತಾ?"

"ಅವನಿಗೇನೂ ಗೊತ್ತಿಲ್ಲ. ಪಾಪ, ಆಲೂಗಡ್ಡೆ ಅಂತ್ಲೇ ನಂಬಿದಾನೆ. ಬರೀ ಹಳೇ ಫೋನು, ಮೇಲೊಂದು ಟವೆಲ್ಲು, ಇವತ್ತು ಕಾರ್ಲಿ ಫೋನೂ ಸೇರಿಸಿ. ಸೀಟಲ್ಲಿಟ್ಟು ಬರ್ತಿದ್ದೆ. ಅವನು ಮುಚ್ಚಳ ತೆಗೆಯೋನಲ್ಲ, ಗೇಟಲ್ಲಿ ಇಟ್ಟು ಬರ್ತಾನೆ, ಆಮೇಲೆ ನಾನೇ ಹೋಗಿ ವಾಪಸ್ ತರ್ತಿದ್ದೆ. ಅವನ ತಂಟೆಗೆ ಹೋಗ್ಬೇಡ ಜನೀಲ್."

ಏಪ್ರನ್ನಿನ ದಾರದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಹಿಟ್ಟು ಮೆತ್ತಿ ಅಂಟಂಟಾಗಿತ್ತು. ನಾನು ಬೆರಳು ಮಡಚುವಷ್ಟರಲ್ಲಿ ಎರಡನೇ ಸೈರನ್ ಕೂಗಿತು.

ಬಾಗಿಲು ತೆರೆದರೆ ಹೊಸ್ತಿಲ ಆಚೆ ಒದ್ದೆ ಕಾಲುಚೀಲದ ಗುರುತು. ಯಾರೋ ಅಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬೂಟಿನ ಕೋಣೆಗೆ ಓಡಿದೆ. ಹೀಟರಿನ ಬಳಿ ಬೂಟುಗಳಿಲ್ಲ, ಗೂಟದಲ್ಲಿ ಲವಾರ್ ಅವರ ಕೋಟಿಲ್ಲ. ಹಿಂಬಾಗಿಲ ಅಗಳಿ ತೆಗೆದಿತ್ತು. ಸಂದಿಯಿಂದ ಹಿಮ ಒಳಗೆ ಸುರಿಯುತ್ತಿತ್ತು.

"ಡಾಲಿನ್" ಎಂದು ಮೆಟ್ಟಿಲ ಮೇಲಿಂದಲೇ ಕೂಗಿದೆ. "ಕಾರ್ಲಿ ನಾಲ್ಕನೇ ಕಂಬದ ಗೂಡಲ್ಲಿದಾಳೆ. ಲವಾರ್ ಟ್ರಕ್ಕು ತಗೊಂಡು ರಸ್ತೆಗಿಳಿದಿದಾರೆ. ನಿಲ್ಸು."

ಅವನು ವಾಕಿಟಾಕಿ ಹಿಡಿದು ಕಿರುಚಿದ. ಇನ್ನೊಮ್ಮೆ ಕಿರುಚಿದ. ಆ ಕಡೆಯಿಂದ ಬರೀ ಸುಯ್ ಎಂಬ ಶಬ್ದ.

"ಕೇಳಿಸ್ಕೊಳಲ್ಲ ಮೇಡಂ, ಆಗ್ಲೇ ಹೇಳಿದ್ನಲ್ಲ. ದೀಪ, ದೀಪ ಹತ್ಬೇಕು." ಅವನು ಪರದೆ ನೋಡಿ ಬಿಳುಚಿಕೊಂಡ. "ಲವಾರ್ ಐದನೇ ಕಂಬ ದಾಟಿರ್ಬೇಕು. ಆದ್ರೂ ಹತ್ತಿಲ್ಲ."

ಹಸಿರು ಅಕ್ಷರ ಮಿಸುಕಿರಲಿಲ್ಲ. ರಸ್ತೆ ಖಾಲಿ ಇದೆ. ಕಾರ್ಲಿಯ ಕೈಯಲ್ಲಿ ಫೋನಿಲ್ಲ, ಆದ್ದರಿಂದ ಅವಳಿಲ್ಲ. ಲವಾರ್ ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಇವರೇ ಕಂಬಗಳಿಗೆ ಕಲಿಸಿದ್ದರು, ಆದ್ದರಿಂದ ಅವರೂ ಇಲ್ಲ.

"ನನ್ನ ಫೋನನ್ನ ಬಿಡು ಅಂತ ಹೇ‌ಳಿಲ್ಲ ತಾನೇ?"

"ಇಲ್ಲ ಮೇಡಂ, ಆದ್ರೆ ಹೊರಗೆ ಹೋದ್ರೆ..."

ಅವನ ಮಾತು ಮುಗಿಯುವ ಮೊದಲೇ ಮೇಲೆ ಓಡಿದ್ದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬೀಗದ ಕೈ. ಅಂಗಳ ದಾಟಿ ಐದನೇ ಕಂಬದ ಕೆಳಗೆ ಹಾದರೆ ಸಾಕು, ದೀಪ ಹತ್ತುತ್ತದೆ. ಲವಾರ್ ಹೇಗೂ ಮುಂದೆ ಹೋಗಿದ್ದಾರೆ, ಬೀಗ ಒಡೆದಾದರೂ ಹುಡುಗಿಯನ್ನು ಹೊರಗೆ ತಂದಾರು. ಒಬ್ಬರನ್ನೂ ಹಿಂದೆ ಬಿಟ್ಟು ಬಂದವರಲ್ಲ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತ ಹಿಂಬಾಗಿಲ ಹತ್ತಿರ ಬಂದೆ.

ಆಗ ಒಂದು ಮಾತು ನೆನಪಾಯಿತು. ಬಿಸಿ ಬಿಸಿ ಅಂದಿದ್ದರು ಲವಾರ್. ದಾರಿಯುದ್ದಕ್ಕೂ ಚೀಸಿನ ವಾಸನೆ ಅಂದಿದ್ದರು.

ಪಾತ್ರೆಯಲ್ಲಿ ಆಲೂಗಡ್ಡೆಯೇ ಇರಲಿಲ್ಲ. ತಣ್ಣಗಿನ ಫೋನುಗಳು, ಒಂದು ಟವೆಲ್ಲು. ನೆಡ್ರಾಗೆ ಗೊತ್ತಿಲ್ಲದೆ ಅವರಿಗೆ ಎಲ್ಲ ಗೊತ್ತಿತ್ತು. ಚಳಿಗಾಲವಿಡೀ ಅವಳಿಗಾಗಿ ಅವಳ ಸುಳ್ಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಓಡಾಡಿದ್ದರು. ಕಾರ್ಲಿಯ ಫೋನನ್ನು ಕಣಿವೆಯ ಬಾಯಲ್ಲಿ ಬಿಟ್ಟು ಬಂದವರೂ ಅವರೇ.

ಹಿಂದೆ ಅಡುಗೆಮನೆಯಲ್ಲಿ ರೇಡಿಯೋ ಕೆಮ್ಮಿತು.

ಬೆಳಗಿನಿಂದ ಕೇಳಿದ ಆ ದನಿ ಒಮ್ಮೆಯೂ ಕೆಮ್ಮಿರಲಿಲ್ಲ. ನಾನು ನಿಂತಲ್ಲೇ ನಿಂತೆ.

"ಯಾರಾದ್ರೂ ಕೇಳ್ತಿದೀರಾ? ನಾನು ಕಾರ್ಲಿ." ನಗುವಿಲ್ಲದ, ಚಳಿಗೆ ಹಲ್ಲು ಕಟಕಟಿಸುವ ದನಿ. "ಕತ್ತಲಲ್ಲಿ ಈಗ ಮೈಕಿನ ವೈರ್ ಸಿಕ್ತು. ನಾಲ್ಕನೇ ಕಂಬದ ಗೂಡಲ್ಲಿದೀನಿ. ಸೈರನ್ ಕೇಳಿಸ್ತಿದೆ. ದಯವಿಟ್ಟು ತೋಪು ಹಾರಿಸ್ಬೇಡಿ... ಇರಿ. ಟ್ರಕ್ಕು ಬಂತು. ಯಾರೋ ಬೀಗ ಒಡೀತಿದಾರೆ."

ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು. ಬಾಗಿಲು ತೆರೆದ ಸದ್ದು. ತೆರೆದ ಬಾಗಿಲಾಚೆ ನೆಡ್ರಾ ಕೈ ಬಾಯಿಗೆ ಒತ್ತಿಕೊಂಡು ರೇಡಿಯೋವನ್ನೇ ನೋಡುತ್ತಿದ್ದಳು.

"ಬ್ರದರ್ ಜೆಪ್ಸನ್, ಬಂದ್ರಾ, ದೇವ್ರು ಬಂದ ಹಾಗೆ ಬಂದ್ರಿ..." ಕಾರ್ಲಿಯ ದನಿ ಅಳುವಾಗಿ, ನಗುವಾಗಿ, ಅಲ್ಲಿಗೆ ನಿಂತಿತು. "ಯಾಕೆ ಬಾಗಿಲು ಹಾಕ್ತಿದೀರಾ?"

ಆಮೇಲೆ ಮೈಕಿನ ವೈರ್ ಕಿತ್ತ ಶಬ್ದ. ಗುಡ್ಡದ ನೆತ್ತಿಯಿಂದ ಮೂರನೇ ಸೈರನ್ ಎದ್ದಿತು. ನಾನು ಫೋನು ಹಿಡಿದು ಐದನೇ ಕಂಬದತ್ತ ಹಿಮಕ್ಕೆ ಕಾಲಿಟ್ಟಾಗ, ಬೆನ್ನ ಹಿಂದೆ ರೇಡಿಯೋದಲ್ಲಿ ಕಾರ್ಲಿ ಮತ್ತೆ ನಗುನಗುತ್ತ ಹೇಳುತ್ತಿದ್ದಳು:

"ರಸ್ತೆ ಮುಚ್ಚಿದೆ. ದಯವಿಟ್ಟು ಎಲ್ಲರೂ ಒಳಗೇ ಇರಿ."